ಇಸ್ತ್ರಿ ಅಕ್ಕನ ಹತ್ತು ನಿಮಿಷ

ನಮ್ಮ ದೊಡ್ಡಮ್ಮನಿಗೆ ಮನೆಯಲ್ಲಿ ಇಸ್ತ್ರಿ ಮಾಡಲು ಬರುತ್ತಿರಲಿಲ್ಲ. ಕಾಲರ್ ಸುಟ್ಟು ವಾಸನೆ ಬಂದ ಮೇಲೆ ದೊಡ್ಡಪ್ಪನೇ ಎದ್ದು ಬಂದು ಪೆಟ್ಟಿಗೆ ಕಿತ್ತುಕೊಳ್ಳುತ್ತಿದ್ದರು. ಆದರೆ ಆಫೀಸಿನಲ್ಲಿ ಅವಳ ಅಡ್ಡಹೆಸರೇ ಇಸ್ತ್ರಿ ಅಕ್ಕ. ಅಲ್ಲಿ ಅವಳು ಇಸ್ತ್ರಿ ಮಾಡುತ್ತಿದ್ದದ್ದು ಸಚಿವರ ಮಾತಿಗೆ.

ಅವಳು ಸದನದ ಶೀಘ್ರಲಿಪಿಗಾರ್ತಿ. ಸಭಾಧ್ಯಕ್ಷರ ಪೀಠದ ಕೆಳಗೆ ಎರಡು ಕುರ್ಚಿಯ ಒಂದು ಪುಟ್ಟ ಮೇಜು. ಅಲ್ಲಿ ಒಬ್ಬೊಬ್ಬರದ್ದು ಹತ್ತು ಹತ್ತು ನಿಮಿಷದ ಸರದಿ. ಹತ್ತು ನಿಮಿಷ ಯಾರು ಏನು ಮಾತಾಡಿದರೂ ಗೀಚಿಕೊಳ್ಳಬೇಕು. ಗಡಿಯಾರದ ಮುಳ್ಳು ಮುಟ್ಟಿದ ಕೂಡಲೇ ಮುಂದಿನವರು ಪಕ್ಕದ ಕುರ್ಚಿಯಲ್ಲಿ ಗೀಚಲು ಶುರುಮಾಡುತ್ತಾರೆ. ಇವಳು ಮೆಟ್ಟಿಲು ಹತ್ತಿ ಹೋಗಿ, ಗೀಚಿದ್ದನ್ನು ಟೈಪ್ ಮಾಡಬೇಕು. ಅದರ ಒಂದು ಪ್ರತಿ ಮಾತಾಡಿದವರಿಗೆ ತಿದ್ದಲು ಹೋಗುತ್ತದೆ. ಮೂರು ದಿನದೊಳಗೆ ತಿದ್ದಿದರೆ ಸರಿ, ಇಲ್ಲದಿದ್ದರೆ ಪ್ರಪಂಚ ಮುಳುಗುವ ತನಕ ಅದೇ ಅವರ ಮಾತು. ಮೂವತ್ತು ವರ್ಷದ ಹತ್ತಿರ ದೊಡ್ಡಮ್ಮ ಇದನ್ನೇ ಮಾಡಿದಳು.

ಅದರಲ್ಲಿ ಹದಿನಾಲ್ಕು ವರ್ಷ ಅವಳ ಪಾಲಿಗೆ ಬಂದವರು ಒಬ್ಬರೇ ಸಚಿವರು; ಅವರು ಎದ್ದರೆ ಸರದಿ ಅವಳಿಗೇ ಎಂದು ಆಫೀಸಿನಲ್ಲಿ ಗೊತ್ತುಮಾಡಿದ್ದರು. ಮೊದಲು ಗೃಹ ಖಾತೆ, ಆಮೇಲೆ ವಿದೇಶಾಂಗ. ಎರಡರಲ್ಲೂ ಅವರ ಮಾತಿನ ಶೈಲಿ ಒಂದೇ. ಎಲ್ಲೋ ಶುರುವಾಗಿ, ಇನ್ನೆಲ್ಲೋ ಹೋಗಿ, ಕೊನೆಗೆ ಎದುರು ಪಕ್ಷದವರನ್ನು ಬೈಯುವಲ್ಲಿಗೆ ಬಂದು ನಿಲ್ಲುತ್ತಿತ್ತು. ಜೈಲಿನ ಗೋಡೆ ಕುಸಿದದ್ದರ ಬಗ್ಗೆ ಕೇಳಿದರೆ ತಮ್ಮ ಅಜ್ಜ ಕಟ್ಟಿಸಿದ ಕೊಟ್ಟಿಗೆಯ ಕಥೆ ಹೇಳಿದ್ದರು. ಗಡಿಯ ತಕರಾರಿನ ಬಗ್ಗೆ ಅವರು ಆಡಿದ ಮಾತನ್ನು ದೊಡ್ಡಮ್ಮ ಎಷ್ಟೋ ವರ್ಷದ ಮೇಲೆ ನನಗೆ ಬಾಯಿಪಾಠ ಒಪ್ಪಿಸಿದ್ದಳು: "ಅವರೂ ಮನುಷ್ಯರೇ, ನಾವೂ ಮನುಷ್ಯರೇ, ಆದ್ರೂ ನೋಡಿ, ಅದು ಹಾಗೇನಾ ಅಂದ್ರೆ, ಹಾಗೇನಿಲ್ಲ, ಬಿಡಿ." ಅಚ್ಚಾದದ್ದು ಹೀಗೆ: "ನೆರೆಯವರೊಡನೆ ನಮ್ಮ ಸಂಬಂಧದಲ್ಲಿ ಮಾನವೀಯತೆ ಮತ್ತು ವಾಸ್ತವದ ಅರಿವು ಜೊತೆಜೊತೆಗೇ ಸಾಗುತ್ತವೆ." ಇದನ್ನು ಆ ನೆರೆಯ ದೇಶದ ರಾಯಭಾರಿ ತಮ್ಮ ಭಾಷಣದಲ್ಲಿ ಹೊಗಳಿದರಂತೆ. ಸಚಿವರು ತಲೆದೂಗಿದರಂತೆ.

ಅವರ ಆಯ್ದ ಭಾಷಣಗಳು ಎರಡು ಸಂಪುಟಗಳಾಗಿ ಬಂದಿವೆ: ಒಳನಾಡಿನ ವ್ಯವಹಾರ ಒಂದು, ಹೊರನಾಡಿನದು ಒಂದು. ಎರಡನ್ನೂ ಓದಿದ್ದೇನೆ. ಅವರು ನಿಜವಾಗಿ ಆಡಿದ ಒಂದು ವಾಕ್ಯವೂ ನನಗೆ ಅದರಲ್ಲಿ ಸಿಕ್ಕಲಿಲ್ಲ. ನಾನು ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನಿ.

ದೊಡ್ಡಮ್ಮನಿಗೆ ಮಾತ್ರ ಒಳಗೊಳಗೇ ಹೆಮ್ಮೆ. "ನಮ್ಮ ಸಚಿವರು" ಎಂದೇ ಅನ್ನುತ್ತಿದ್ದಳು. ಹೊಸಬರು ಕೆಲಸಕ್ಕೆ ಸೇರಿದರೆ ಅವಳ ಕೈಕೆಳಗೇ ಕಲಿಯಬೇಕು. ಮೊದಲ ದಿನವೇ ಪಾಠ: "ಕೋಪ ತೆಗೀರಿ, ಆಣೆ ತೆಗೀರಿ, ಎದೆ ತಟ್ಟಿಕೊಂಡದ್ದು ತೆಗೀರಿ. ಮನುಷ್ಯ ಸಿಟ್ಟಲ್ಲಿ ಏನೋ ಅಂದಿರ್ತಾನೆ. ಆಮೇಲೆ ಅವನ ಹೆಸರು ಕೆಡಬಾರದು." ಅವಳ ಮೆಚ್ಚಿನ ಶಿಷ್ಯೆ, ದಪ್ಪ ಕನ್ನಡಕದ ಒಬ್ಬ ಹುಡುಗಿ, ಇದನ್ನು ಕಾಗದದಲ್ಲಿ ಬರೆದು ಟೈಪ್‌ರೈಟರ್ ಮೇಲೆ ಅಂಟಿಸಿಕೊಂಡಿದ್ದಳು.

ದೊಡ್ಡಪ್ಪ ಸರ್ಕಾರಿ ಪೆನ್ಸಿಲ್ ಕಾರ್ಖಾನೆಯಲ್ಲಿ ಮೇಸ್ತ್ರಿ. ಗೀರು ತೋಡಿದ ಮರದ ಹಲಗೆಯಲ್ಲಿ ಸೀಸದ ಕಡ್ಡಿ ಕೂರಿಸಿ, ಮೇಲೊಂದು ಹಲಗೆಗೆ ಅಂಟು ಬಳಿದು ಒತ್ತುವ ಯಂತ್ರ ಅವರ ಸುಪರ್ದಿಯಲ್ಲಿತ್ತು. ಅವರು ಮನೆಗೆ ಬಂದರೆ ಅಂಟಿನ ವಾಸನೆ ಮೊದಲು ಬರುತ್ತಿತ್ತು. ಸದನದಲ್ಲಿ ದೊಡ್ಡಮ್ಮ ಬಳಸುತ್ತಿದ್ದದ್ದು ಆ ಕಾರ್ಖಾನೆಯ ಮೆತ್ತನೆ ಸೀಸದ ಪೆನ್ಸಿಲ್ ಮಾತ್ರ. ಹಿಂದಿನ ರಾತ್ರಿಯ ಜಗಳ ಏನೇ ಇರಲಿ, ಬೆಳಿಗ್ಗೆ ದೊಡ್ಡಪ್ಪ ಆರು ಪೆನ್ಸಿಲ್ ಹೆರೆದು ಅವಳ ಚೀಲದಲ್ಲಿ ಇಡುತ್ತಿದ್ದರು. ನಾನು ಓದಲೆಂದು ಅವರ ಮನೆಯಲ್ಲಿದ್ದ ಐದು ವರ್ಷವೂ ಇದು ತಪ್ಪಲಿಲ್ಲ.

ಆಗ ನೆರೆಯ ದೇಶದ ಜೊತೆ ವ್ಯಾಪಾರದ ಒಪ್ಪಂದ ಬಂತು. ಅಲ್ಲಿನ ಅಗ್ಗದ ಸಾಮಾನಿಗೆ ನಮ್ಮ ಬಾಗಿಲು ತೆರೆಯುವ ಒಪ್ಪಂದ. ವಿದೇಶಾಂಗ ಸಚಿವರು ಉತ್ತರ ಕೊಡುತ್ತಿದ್ದಾಗ ಎದುರು ಪಕ್ಷದ ಒಬ್ಬ ಮಾಜಿ ಮೇಷ್ಟ್ರು ಎದ್ದು, ಒಂದು ಪೆನ್ಸಿಲ್ ಮೇಲೆತ್ತಿ, "ಇದನ್ನ ಮಾಡೋ ಕಾರ್ಖಾನೆ ಗತಿ ಏನು, ಅದನ್ನ ಹೇಳಿ. ನಿಮ್ಮ ಅಜ್ಜನ ಕೊಟ್ಟಿಗೆ ಕಥೆ ಬೇಡ" ಎಂದರು. ಸದನವೆಲ್ಲ ನಕ್ಕಿತು. ಸಚಿವರ ಮುಖ ಕೆಂಪಾಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಪೂರ್ತಿ ವಾಕ್ಯಗಳು ಬಂದವು:

"ಆ ಕಾರ್ಖಾನೆಗೆ ಬೀಗ ಬೀಳೋಕೆ ನಾನು ಬಿಡಲ್ಲ. ಒಬ್ಬನೇ ಒಬ್ಬ ಕೆಲಸಗಾರನನ್ನೂ ಮನೆಗೆ ಕಳಿಸಲ್ಲ. ಕಳಿಸಿದ ದಿನ ನನ್ನ ರಾಜೀನಾಮೆ ಈ ಮೇಜಿನ ಮೇಲೆ ಇರತ್ತೆ. ಇದು ನನ್ನ ಮಾತು." ಆಮೇಲೆ ಕೆಳಗಿನ ಪುಟ್ಟ ಮೇಜಿನ ಕಡೆ ಬೆರಳು ತೋರಿಸಿ, "ಅಮ್ಮಾ, ಬರ್ಕೊಳ್ಳಿ!"

ಆ ಹತ್ತು ನಿಮಿಷ ದೊಡ್ಡಮ್ಮನದು. ಅವಳು ಬರೆದುಕೊಂಡಳು, "ಬರ್ಕೊಳ್ಳಿ" ಅನ್ನುವುದನ್ನೂ ಸೇರಿಸಿ. ಮೆಟ್ಟಿಲು ಹತ್ತಿ ಹೋಗಿ ಟೈಪ್ ಮಾಡಿದ್ದು ಇಷ್ಟು: "ಕಾರ್ಖಾನೆಯ ಹಿತವನ್ನು ಸರ್ಕಾರ ಗಮನದಲ್ಲಿ ಇಟ್ಟುಕೊಂಡಿದೆ. ಸೂಕ್ತ ಸಮಯದಲ್ಲಿ ಸೂಕ್ತ ಕ್ರಮವನ್ನು ಪರಿಶೀಲಿಸಲಾಗುವುದು."

"ಗಂಡನ ಕಾರ್ಖಾನೆ ಅಂತ ಹೊಳೀಲೇ ಇಲ್ವಾ?" ಎಂದು ಒಮ್ಮೆ ಕೇಳಿದೆ.

"ಕಿವಿಯಿಂದ ನೇರ ಕೈಗೆ ಹೋಗತ್ತೆ ಕಣೇ. ಮಧ್ಯೆ ಎಲ್ಲೂ ನಿಲ್ಲಲ್ಲ. ನಿಂತರೆ ಮುಂದಿನ ಮಾತು ತಪ್ಪತ್ತೆ" ಎಂದಳು. ನಾನು ಇದರಲ್ಲಿ ಅರ್ಧ ನಂಬುತ್ತೇನೆ. ಉಳಿದರ್ಧ ಅವಳ ಹೆಮ್ಮೆ. ತಾನು ಇಷ್ಟು ವರ್ಷ ನೀಟಾಗಿ ಇಟ್ಟುಕೊಂಡಿದ್ದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಕೂಗಾಡಿದ ಹಾಗೆ ಕೂಗಾಡಿದ್ದು ಅವಳಿಗೆ ಸಹಿಸಲಾಗಲಿಲ್ಲ.

ಮರುದಿನ ಒಂದು ಪೇಪರಿನಲ್ಲಿ ಸಚಿವರ ಗುಡುಗು ಇದ್ದದ್ದು ಇದ್ದ ಹಾಗೆ ಬಂತು. ಕಾರ್ಖಾನೆಯವರು ಅದನ್ನು ಕತ್ತರಿಸಿ ಗೇಟಿಗೆ ಅಂಟಿಸಿದರು. ದೊಡ್ಡಪ್ಪ ಸಂಜೆ ಕಾಲು ನೆಲದ ಮೇಲೆ ನಿಲ್ಲದ ಹಾಗೆ ಬಂದರು.

"ನೀನು ಅಲ್ಲೇ ಇದ್ಯಾ? ಕಿವಿಯಾರೆ ಕೇಳಿದ್ಯಾ?"

"ಆಫೀಸ್ ವಿಷಯ ಮನೇಲಿ ಬೇಡಾರೀ" ಎಂದಳು ದೊಡ್ಡಮ್ಮ. ತಿದ್ದಲು ಇನ್ನೂ ಎರಡು ದಿನ ಇತ್ತು. ಮೆಟ್ಟಿಲು ಹತ್ತಿ ಹೋಗಿ ಒಂದು ಹಾಳೆ ಬದಲಾಯಿಸಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಹೇಗೂ ಪೇಪರಿನಲ್ಲಿ ಬಂದಿದೆಯಲ್ಲ ಅಂದುಕೊಂಡಳಂತೆ. ಸಚಿವರು ಎಂದಿನಂತೆ ಓದದೆ ಸಹಿ ಹಾಕಿ ಕಳಿಸಿದರು.

ಒಂದೂವರೆ ವರ್ಷಕ್ಕೆ ಗೇಟಿನ ಮೇಲೆ ಇನ್ನೊಂದು ಕಾಗದ ಬಿತ್ತು. ಮುಂದಿನ ತಿಂಗಳ ಕೊನೆಗೆ ಕಾರ್ಖಾನೆ ಬಂದ್, ಮುನ್ನೂರ ನಲವತ್ತು ಜನ ಮನೆಗೆ. ಕೆಲಸಗಾರರು ಪೇಪರಿನ ತುಂಡು ಹಿಡಿದು ಸದನದ ಭರವಸೆಗಳ ಸಮಿತಿಗೆ ಹೋದರು. ಸಚಿವರು ಸದನದಲ್ಲಿ ಕೊಟ್ಟ ಮಾತು ನಡೆದಿದೆಯೋ ಇಲ್ಲವೋ ಎಂದು ನೋಡುವುದೇ ಆ ಸಮಿತಿಯ ಕೆಲಸ. ಸಮಿತಿಯವರು ಪೇಪರು ಲೆಕ್ಕಕ್ಕಿಲ್ಲ, ಅಚ್ಚಾದ ದಾಖಲೆ ಮಾತ್ರ ಎಂದರು. ದಾಖಲೆ ತೆಗೆದರೆ ಸೂಕ್ತ ಸಮಯ, ಸೂಕ್ತ ಕ್ರಮ. ಧ್ವನಿಯ ಟೇಪು ಯಾವಾಗಲೋ ಅಳಿಸಿಹೋಗಿತ್ತು. ತಿಂಗಳಿಗೊಮ್ಮೆ ಅಳಿಸಿ ಮತ್ತೆ ಬಳಸುತ್ತಿದ್ದರು. ಪೇಪರಿನವರು ಒಳಪುಟದ ಮೂಲೆಯಲ್ಲಿ ವಿಷಾದ ಪ್ರಕಟಿಸಿ ಕೈ ತೊಳೆದುಕೊಂಡರು.

ದೊಡ್ಡಪ್ಪ ಅಚ್ಚಾದ ದಾಖಲೆಯ ಆ ಪುಟದ ಪ್ರತಿ ತಂದು ಊಟದ ಮೇಜಿನ ಮೇಲೆ ಹರಡಿದರು. ನಾನು ಎದುರಿಗೆ ಕೂತು ಓದಿಕೊಳ್ಳುತ್ತಿದ್ದೆ. "ಇಷ್ಟು ಚೆನ್ನಾಗಿ ತಿಪ್ಪೆ ಸಾರಿಸಿದೋನು ಯಾವನೋ, ಅವನ ಕೈ ಮುರಿಯಾ!" ಎಂದರು.

ದೊಡ್ಡಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ನಾನೇ ರೀ. ಆ ಹತ್ತು ನಿಮಿಷ ನಂದು."

ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಅವಳ ಜೊತೆ ಮಾತು ನಿಂತಿತು. "ನಿಮ್ಮ ದೊಡ್ಡಮ್ಮನಿಗೆ ಹೇಳು, ಸೋಪು ಮುಗಿದಿದೆ." "ನಿಮ್ಮ ದೊಡ್ಡಪ್ಪನಿಗೆ ಹೇಳು, ಕಪಾಟಿನಲ್ಲಿದೆ." ಎರಡು ಮಾರು ದೂರದಲ್ಲಿ ಇಬ್ಬರೂ ಇದ್ದು, ನಡುವೆ ನಾನು ಟಪಾಲು. ಪೆನ್ಸಿಲ್ ಹೆರೆಯುವುದೂ ನಿಂತಿತು. ದೊಡ್ಡಮ್ಮ ತಾನೇ ಹೆರೆಯಲು ಹೋಗಿ ಬೆರಳು ಕುಯ್ದುಕೊಂಡಳು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಇಬ್ಬರನ್ನು ನೋಡಿದರೂ ಅಳು ಬರುತ್ತಿತ್ತು.

ಸದನದಲ್ಲಿ ಗೀಚಿಕೊಂಡ ಹಳೆಯ ನೋಟ್‌ಪುಸ್ತಕಗಳನ್ನು ಐದು ವರ್ಷ ಉಗ್ರಾಣದಲ್ಲಿ ಇಡುವ ಪದ್ಧತಿ. ದೊಡ್ಡಮ್ಮ ಧೂಳಿನಲ್ಲಿ ಕೂತು ತನ್ನದನ್ನು ಹುಡುಕಿ ತೆಗೆದಳು. ಸಮಿತಿಯ ಮುಂದೆ ಸಾಕ್ಷಿ ಹೇಳುತ್ತೇನೆ ಎಂದು ಅರ್ಜಿ ಕೊಟ್ಟಳು. ಅವಳ ಮೇಲಧಿಕಾರಿ ಕೈ ಮುಗಿದರು: "ಅಕ್ಕಾ, ರಿಟೈರ್ ಆಗೋಕೆ ಎರಡೇ ವರ್ಷ. ಸುಮ್ಮನೆ ಕೆರೆದು ಹುಣ್ಣು ಮಾಡ್ಕೋಬೇಡಿ."

ಅವಳು ಹೋದಳು. ಐದು ಜನ ಸದಸ್ಯರು, ಒಂದು ಕಡೆ ಸಚಿವರು, ದಾಖಲಿಸುವ ಮೇಜಿನಲ್ಲಿ ಆ ಕನ್ನಡಕದ ಶಿಷ್ಯೆ. ಶೀಘ್ರಲಿಪಿಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಒಳದಾರಿ. ದೊಡ್ಡಮ್ಮ ಗೀಚಿದ್ದನ್ನು ದೊಡ್ಡಮ್ಮನೇ ಓದಬೇಕು. ಓದಿದಳು. ಕೊನೆಗೆ, "ಮಾತು ಅವರದೇ. ತೆಗೆದುಹಾಕಿದ್ದು ನಾನು. ತಪ್ಪು ನಂದು" ಎಂದಳು.

ಸಚಿವರು ಎದ್ದು ನಿಂತು ನಮಸ್ಕಾರ ಮಾಡಿದರಂತೆ. "ಈ ತಾಯಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಹದಿನಾಲ್ಕು ವರ್ಷ ನನ್ನ ಮಾತನ್ನು ಒಂದಕ್ಷರವೂ ಬಿಡದೆ ಬರೆದಿದ್ದಾರೆ. ಆದ್ದರಿಂದಲೇ ಹೇಳುತ್ತೇನೆ, ಅಚ್ಚಾಗಿರುವುದೇ ನನ್ನ ಮಾತು." ಎಲ್ಲೂ ತಡವರಿಸಲಿಲ್ಲ. ತಮ್ಮ ಎರಡು ಸಂಪುಟ ಓದಿ ಓದಿ ಅಷ್ಟು ಹೊತ್ತಿಗೆ ಅವರು ದೊಡ್ಡಮ್ಮನ ಹಾಗೇ ಮಾತಾಡುವುದನ್ನು ಕಲಿತಿದ್ದರು.

ಆದರೂ ಅವಳು ಗೆದ್ದವಳ ಹಾಗೆ ಮನೆಗೆ ಬಂದಳು. ಅವಳ ತಪ್ಪೊಪ್ಪಿಗೆ ಸಮಿತಿಯ ವರದಿಯಲ್ಲಿ ಅಚ್ಚಾದರೆ ಸಾಕು, ಆ ಮಾಜಿ ಮೇಷ್ಟ್ರು ಅದನ್ನು ಸದನದಲ್ಲಿ ಎತ್ತಲು ತಯಾರಾಗಿದ್ದರು. ಕಾರ್ಖಾನೆ ಮುಚ್ಚುವುದನ್ನು ತಡೆಯಲು ಅದೊಂದೇ ದಾರಿ ಉಳಿದಿತ್ತು. ಸಾಕ್ಷಿ ಹೇಳಿದವರಿಗೆ ತಿದ್ದಲು ಪ್ರತಿ ಕೊಡುವ ಪದ್ಧತಿ ಇಲ್ಲ. ಅದರ ಚಿಂತೆ ಅವಳಿಗೆ ಇರಲಿಲ್ಲ. "ನಿಮ್ಮ ದೊಡ್ಡಪ್ಪನಿಗೆ ಹೇಳು, ಬರ್ಕೊಂಡಿದ್ದು ನಾನು ಕಲಿಸಿದ ಹುಡುಗಿ. ಒಂದು ಚುಕ್ಕೆ ಬಿಡೋಳಲ್ಲ" ಎಂದಳು. ನಾನು ಹೇಳಿದೆ. ಮರುದಿನ ಬೆಳಿಗ್ಗೆ ಚೀಲದಲ್ಲಿ ಆರು ಪೆನ್ಸಿಲ್ ಇದ್ದವು.

ಕಾರ್ಖಾನೆಯ ಕೊನೆಯ ವಾರದಲ್ಲಿ ವರದಿ ಬಂತು. ದೊಡ್ಡಪ್ಪ ಅದನ್ನು ಸಂಘದ ಕಚೇರಿಯಿಂದ ತಂದು, ಅದೇ ಮೇಜಿನ ಹತ್ತಿರ ನಿಂತು ಗಟ್ಟಿಯಾಗಿ ಓದಿದರು: "ಸದನದ ಹಿರಿಯ ಶೀಘ್ರಲಿಪಿಗಾರರು ಹಾಜರಾಗಿ, ದಾಖಲೆಯ ವಿಧಾನದ ಬಗ್ಗೆ ಕೆಲವು ವಿವರಣೆ ನೀಡಿದರು. ಸಮಿತಿಯು ಅವರ ದೀರ್ಘ ಸೇವೆಯನ್ನು ಶ್ಲಾಘಿಸಿತು."

ಅಷ್ಟೇ. ದೊಡ್ಡಮ್ಮ ಕಾಗದ ಇಸಿದುಕೊಂಡು ಎರಡು ಸಲ ಓದಿದಳು, ಹಿಂದೆ ತಿರುಗಿಸಿಯೂ ನೋಡಿದಳು. ಅವಳು ಮರುದಿನ ಕೇಳಿದಾಗ ಶಿಷ್ಯೆ ಕಣ್ಣು ತುಂಬಿಕೊಂಡು, "ನೀವು ಅವತ್ತು ತುಂಬ ನೊಂದು ಮಾತಾಡಿದ್ರಿ ಮೇಡಂ. ನಿಮ್ಮ ಹೆಸರು ಕೆಡಬಾರದಲ್ಲ" ಎಂದಳಂತೆ. ಅದು ಮರುದಿನದ ಮಾತು. ಅವತ್ತು ದೊಡ್ಡಪ್ಪ ಕುರ್ಚಿ ಎಳೆದುಕೊಂಡು ಕೂತರು. ಮಾತು ನಿಂತು ಒಂದು ತಿಂಗಳಿಗೆ ಮೇಲಾಗಿತ್ತು, ಈಗ ನನ್ನ ಕಡೆ ನೋಡದೆ ನೇರವಾಗಿ ಅವಳಿಗೆ ಹೇಳಿದರು:

"ಹುಡುಗಿಗೆ ಚೆನ್ನಾಗಿ ಕಲಿಸಿದ್ದೀಯ."

ದೊಡ್ಡಮ್ಮ ತಲೆ ತಗ್ಗಿಸಿದಳು. ದೊಡ್ಡಪ್ಪ, "ಆ ಪುಸ್ತಕ ಎಲ್ಲಿದೆ?" ಎಂದರು. ಇದು ದಾಖಲೆಗೆ ಸೇರಿದ್ದಲ್ಲ ಎಂದು ಸಮಿತಿಯವರು ಅದನ್ನು ಅವಳಿಗೇ ವಾಪಸ್ ಕೊಟ್ಟಿದ್ದರು. ತಂದಳು. "ಓದು."

ಅವಳು ಏರಿಳಿತವಿಲ್ಲದ ಆಫೀಸಿನ ದನಿಯಲ್ಲಿ ಓದಿದಳು. ಬೀಗ ಬೀಳೋಕೆ ಬಿಡಲ್ಲ. ಒಬ್ಬ ಕೆಲಸಗಾರನನ್ನೂ ಮನೆಗೆ ಕಳಿಸಲ್ಲ. ರಾಜೀನಾಮೆ ಈ ಮೇಜಿನ ಮೇಲೆ. ಇದು ನನ್ನ ಮಾತು. ಅಮ್ಮಾ, ಬರ್ಕೊಳ್ಳಿ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೊನೆಯ ತನಕ ಕೇಳಿದರು.

"ಬರ್ಕೊಂಡಿದ್ದೆಯಲ್ಲೇ" ಎಂದರು.

"ಬರ್ಕೊಂಡಿದ್ದೆ ರೀ" ಎಂದಳು.