ಗುರುಬಾಯಿ ಮೇಡಂ ಮತ್ತು ನಲವತ್ತು ಗಾಳಿಪಟ

ಹಳೆಯ ವಿಡಿಯೋ ಗೇಮ್ ಯಂತ್ರಗಳಿಗೆ ಇಂದಿಗೂ ಹೊಸ ಆಟ ಬರೆಯುವ ಹೈದರಾಬಾದಿನ ಕೆಲವೇ ಮಂದಿಯಲ್ಲಿ, ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಗುರುಬಾಯಿಯವರದು ಗೌರವದ ಹೆಸರು. ತಯಾರಕರೇ ಕೈಬಿಟ್ಟ ಯಂತ್ರದಿಂದ, ಅದನ್ನು ಮಾಡಿದವರೂ ನಿರೀಕ್ಷಿಸದಷ್ಟು ಕೆಲಸ ತೆಗೆಯುವುದು ಅವರ ವಿದ್ಯೆ.

ಬೀದರ್ ಕಡೆಯಿಂದ ಬಂದು ಹಿಮಾಯತ್‌ನಗರದಲ್ಲಿ ನೆಲೆಸಿದ ಅವರು, ಸುಲ್ತಾನ್ ಬಜಾರಿನಲ್ಲಿ ಸಿಕ್ಕ ಕೆಟ್ಟ ಯಂತ್ರವೊಂದನ್ನು ಸರಿಪಡಿಸಿ ಪ್ರಯೋಗಾಲಯದಲ್ಲಿರಿಸಿದ್ದರು. ಪಾಠ ತೆಲುಗಿನಲ್ಲಿ ನಡೆಯುತ್ತಿತ್ತು. ಅವರ ವಿದ್ಯಾರ್ಥಿನಿಯಾಗಿದ್ದ ನನ್ನನ್ನು ಗದರುವುದು ಮಾತ್ರ ಕನ್ನಡದಲ್ಲಿ. ಡಬ್ಬಿ ತರದ ದಿನ ಅವರ ಜೋಳದ ರೊಟ್ಟಿಯಲ್ಲಿ ಅರ್ಧ ನನ್ನದು.

೨೦೧೮ರಲ್ಲಿ ಉಪ್ಪಲ್‌ನ ಸ್ಪರ್ಧೆಯೊಂದಕ್ಕೆ ನಾವು ಗಾಳಿಪಟದ ಆಟ ಸಿದ್ಧಪಡಿಸಿದೆವು. ಹಳೆಯ ಯಂತ್ರದ ಶಕ್ತಿಯನ್ನಷ್ಟೇ ಬಳಸಬೇಕೆಂಬುದು ನಿಯಮ. ಮೇಡಂ ಕೂಡ ಅದನ್ನೇ ಒತ್ತಿ ಹೇಳಿದ್ದರು. ಆಕಾಶದಲ್ಲಿ ನಲವತ್ತು ಪಟ ಸೇರಿದೊಡನೆ ಆಟ ತೆವಳುತ್ತಿತ್ತು. ಯಾರಿಗೂ ಹೇಳದೆ ನಾನು ಆಟ ತುಂಬಿದ ಕಾರ್ಟ್ರಿಜ್ಜಿನೊಳಗೆ ಹೊಸ ಕಾಲದ ಚಿಪ್ಪೊಂದನ್ನು ಅಡಗಿಸಿದೆ. ಮೊದಲ ಬಹುಮಾನ ಬಂತು. ಮರುದಿನ ಸ್ವಚ್ಛಗೊಳಿಸಲೆಂದು ಮೇಡಂ ಅದನ್ನು ಬಿಚ್ಚಿದರು.

"ಇದನ್ನ ಯಾಕ ಹಾಕೀದಿ, ಸೌಂದರ್ಯಾ?"

"ಆಟ ನಿಧಾನ ಆಗಾಕತ್ತಿತ್ತು ರೀ, ಮೇಡಂ."

"ಹಂಗಾದ್ರ ಗೆದ್ದದ್ದು ನಮ್ಮ ಆಟ ಅಲ್ಲವ್ವಾ, ಈ ಚಿಪ್ಪು."

ಅಂದೇ ಅವರು ಬಹುಮಾನದ ಫಲಕವನ್ನು ಹಿಂದಿರುಗಿಸಿ, ತಪ್ಪು ಮಾರ್ಗದರ್ಶಕಿಯಾದ ತನ್ನದು ಎಂದು ಬರೆದುಕೊಟ್ಟರು. ನನ್ನ ಹೆಸರು ಅದರಲ್ಲಿರಲಿಲ್ಲ. ಮುಂದೆ ಯಾವ ಸ್ಪರ್ಧೆಯವರೂ ಅವರನ್ನು ಮೊದಲಿನಂತೆ ತೀರ್ಪುಗಾರರಾಗಿ ಕರೆಯಲಿಲ್ಲ. ಮೋಸ ಮಾಡಿದವರು ಎಂಬ ಪಿಸುಮಾತನ್ನು ಅವರ ಸಹೋದ್ಯೋಗಿಗಳಿಂದ ನಾನೂ ಕೇಳಿದೆ, ಸುಮ್ಮನಿದ್ದೆ.

ಶಿಕ್ಷೆಯೆಂದು ಅವರು ನನಗೆ ಕೊಟ್ಟದ್ದು ಕೆಲಸವನ್ನೇ. ಏಳು ತಿಂಗಳು, ತರಗತಿ ಮುಗಿದ ಮೇಲೆ ಇಬ್ಬರೂ ಕುಳಿತು ಆ ಆಟವನ್ನು ಮೊದಲಿನಿಂದ ಬರೆದೆವು. ಎಲ್ಲ ಪಟಗಳನ್ನೂ ಒಟ್ಟಿಗೆ ಸರಿಸದೆ, ಒಂದು ಸಲ ಅರ್ಧ, ಮರುಸಲ ಉಳಿದರ್ಧ ಸರಿಸುವ ಉಪಾಯ ಅವರದು. ನೋಡುವವರ ಕಣ್ಣಿಗೆ ಅದು ತಿಳಿಯುವಂತಿರಲಿಲ್ಲ. ಚಿಪ್ಪಿಲ್ಲದ ಯಂತ್ರದಲ್ಲಿ ನಲವತ್ತೂ ಪಟ ಸರಾಗವಾಗಿ ಹಾರಿದ ದಿನ ಮೇಡಂ ಹೇಳಿದರು: "ನೋಡು, ಇದಕ್ಕ ತಾಕತ್ತು ಭಾಳ ಐತಿ. ನಾವಽ ಸರಿಯಾಗಿ ಕೇಳಿರಲಿಲ್ಲ."

ಈ ಲೇಖನದ ವಿಷಯ ತಿಳಿಸಲು ಕಳೆದ ವಾರ ಫೋನ್ ಮಾಡಿದಾಗ, "ಬ್ಯಾಡ ಬಿಡವ್ವಾ, ನಿನಗ ನೌಕರಿ ಐತಿ" ಎಂದರು. ಅವರ ಮಾತನ್ನು ನಾನು ಮೀರುತ್ತಿರುವುದು ಇದು ಎರಡನೆಯ ಸಲ. ಮೂಸಿ ನದಿಯ ಪ್ರವಾಹವನ್ನು ಕುರಿತ ಅವರ ಹೊಸ ಆಟ ಅರ್ಧಕ್ಕೆ ಬಂದಿದೆ. ಅದನ್ನು ಮುಗಿಸಿ ಇನ್ನೂ ಹಲವನ್ನು ಆರಂಭಿಸುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ. ಅವರನ್ನು ಮತ್ತೆ ತೀರ್ಪಿನ ಪೀಠಕ್ಕೆ ಕರೆಯಬೇಕೆಂದು ಸ್ಪರ್ಧೆ ನಡೆಸುವವರಲ್ಲಿ ವಿನಂತಿ. ಚಿಪ್ಪನ್ನು ಅಡಗಿಸಿದವಳು ನಾನು.