ಅವ್ವನ ದನಿಯ ಮೇಲೆ ಆಶೀರ್ವಾದ

ಮಧ್ಯಾಹ್ನ ಮೂರು ಗಂಟೆ. ಗೆಳೆಯರೇ, ಇಂದು ನಿಲಂಗಾದ ನಮ್ಮ ಮನೆಯಲ್ಲಿ ಮಠದ ಸ್ವಾಮಿಗಳ ಪಾದಪೂಜೆ ಇತ್ತು. ತೀರಿಕೊಂಡ ಅವ್ವ ಹೇಳುತ್ತಿದ್ದ ಪುರಾಣದ ಕತೆಗಳನ್ನು ನಾನು ಅವಳ ದನಿಯಲ್ಲೇ ಫೋನೋಗ್ರಾಫ್ ಎಂಬ ಮಾತಿನ ಯಂತ್ರದ ಮೇಣದ ಉರುಳೆಗಳಲ್ಲಿ ತುಂಬಿಸಿಟ್ಟಿದ್ದೆ. ಬೂಷ್ಟು ಹಿಡಿದು ಎಲ್ಲ ಕೆಟ್ಟು, ಒಂದು ಮಾತ್ರ ಉಳಿದಿತ್ತು. ಅಣ್ಣ ಅದರ ಮೇಣ ಹೆರೆದು, ಅವ್ವನ ದನಿ ಅಳಿಸಿ, ಸ್ವಾಮಿಗಳ ಆಶೀರ್ವಾದ ತುಂಬಿಸಿದ.

“ಅಣ್ಣಾ, ಅದರಾಗ ಅವ್ವ ಇದ್ಳು.”

“ಕತಿ ನಿನಗ ಬಾಯಿಪಾಠ ಅದಾವಲ್ಲೋ, ನೀನೇ ಹೇಳ್ಕೋ.”

“ಕತಿ ಅದಾವ. ದನಿ ಎಲ್ಲಿಂದ ತರ್ಲಿ?”

“ಸುಮ್ನಿರು, ಮಠದ ಅಪ್ಪೋರು ಕೂತಾರ.”

ಬಂದವರೆಲ್ಲ ಆ ಉರುಳೆಗೆ ಭಕ್ತಿಯಿಂದ ವಿಭೂತಿ ಬಳಿದು ಕೈಮುಗಿದರು. ದನಿ ಕೊರೆದಿದ್ದ ಗೆರೆಗಳಲ್ಲಿ ಬೂದಿ ತುಂಬಿ, ಈಗ ಅದರಲ್ಲಿ ಸ್ವಾಮಿಗಳ ದನಿಯೂ ಕೇಳಿಸುವುದಿಲ್ಲ. ಆದರೂ ಅದು ಪವಿತ್ರವಾಯಿತಂತೆ, ಇನ್ನು ಯಾರೂ ಹೆರೆಯಬಾರದಂತೆ. ನಾಳೆಯಿಂದ ಅದು ದೇವರ ಜಗಲಿಯ ಮೇಲಿರುತ್ತದೆ.