ಬಾಯಿ ತುಂಬ ಕೊಬ್ಬರಿ ಬೆಲ್ಲ

ನಾನು ಚಿಕ್ಕವನಿದ್ದಾಗ, ಅಂದರೆ ನಿಮ್ಮಲ್ಲಿ ದೊಡ್ಡವನಿಗೆ ಈಗೆಷ್ಟು ವಯಸ್ಸೋ ಅಷ್ಟಿದ್ದಾಗ, ನನ್ನ ಕಾಲುಗಳು ಕೊಕ್ಕರೆ ಕಾಲಿನ ಹಾಗಿದ್ದವು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಈ ತಾತ ಒಂದು ಕಾಲಕ್ಕೆ ಓಟಗಾರನಾಗಿದ್ದ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ, ಆಮೇಲೆ ಕೇಳಿ. ಕುಣಿಗಲ್‌ನ ನಮ್ಮ ಸ್ಕೂಲಿನಲ್ಲಿ ಒಂದು ಓಟದ ಟೀಮಿತ್ತು. ಕಾಗದದಲ್ಲಿ ಅದನ್ನು ಗುಡ್ಡಗಾಡು ಓಟ ಎಂದು ಬರೆಯುತ್ತಿದ್ದರು, ನಾವು ಕ್ರಾಸ್ ಕಂಟ್ರಿ ಅನ್ನುತ್ತಿದ್ದೆವು. ಗುಡ್ಡವೂ ಇರಲಿಲ್ಲ, ಕಾಡೂ ಇರಲಿಲ್ಲ. ರಾಗಿ ಹೊಲದ ಬದು, ಕೆರೆ ಏರಿ, ಗಾಡಿ ಜಾಡು, ಅಷ್ಟೇ.

ನಮ್ಮಪ್ಪ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅವನ ಅಂಗಿಗೆ ಯಾವಾಗಲೂ ಬೇಯಿಸಿದ ಹುರುಳಿಯ ವಾಸನೆ. ಅಮ್ಮನ ಮುಖ ನನಗೆ ನೆನಪಿಲ್ಲ, ನನ್ನನ್ನು ಎತ್ತಿ ಆಡಿಸಿದವಳು, ಬೈದವಳು, ತಲೆ ಬಾಚಿದವಳು ಎಲ್ಲ ಅಕ್ಕನೇ. ಆ ವರ್ಷದ ಬೇಸಿಗೆಯಲ್ಲಿ ಅವಳನ್ನು ಗುಬ್ಬಿಗೆ ಮದುವೆ ಮಾಡಿ ಕೊಟ್ಟರು. ಆಷಾಢಕ್ಕೆ ಬರುತ್ತಾಳೆ ಎಂದು ನಾನು ಕಾದೆ. ಅವಳ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು, ಅಕ್ಕ ಬರಲಿಲ್ಲ. ಗೌರಿ ಹಬ್ಬಕ್ಕೂ ಬರಲಿಲ್ಲ. ನಾವಾದರೂ ಹೋಗೋಣವೆಂದರೆ ಕುದುರೆಗಳಿಗೆ ಭಾನುವಾರ ಅಂತ ಒಂದು ಇರುವುದಿಲ್ಲವಲ್ಲ, ಅಪ್ಪನಿಗೆ ರಜೆ ಎಲ್ಲಿಯದು? ಸ್ಕೂಲಿನಿಂದ ಬಂದು ಬೀಗ ತೆಗೆದರೆ ಒಳಗೆ ಬೆಳಗಿನ ಒಲೆಯ ತಣ್ಣನೆ ಬೂದಿ ವಾಸನೆ. ಮಾತಾಡೋಣವೆಂದರೆ ಗೋಡೆ.

ಹೀಗಿರುವಾಗ ಡ್ರಿಲ್ ಮೇಷ್ಟ್ರು ಒಂದು ದಿನ ಕ್ಲಾಸಿಗೆ ಬಂದು, "ಈ ಸಲ ಜಿಲ್ಲೆ ಓಟ ಗುಬ್ಬಿನಲ್ಲಿ. ಯಾರ್‍ಯಾರ್ ಓಡ್ತೀರೋ?" ಎಂದು ಕೇಳಿದರು. ಗುಬ್ಬಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿ ಮೇಲೆ ಹೋಯಿತು.

ಟೀಮಿಗೆ ನಾಲ್ಕು ಜನ ಬೇಕು. ಮೂವರು ಆಗಲೇ ಇದ್ದರು, ಮೂವರೂ ಪೇಟೆಯ ಹುಡುಗರು, ಒಂದೇ ಬೀದಿಯವರು. ನಾನು ನಾಲ್ಕನೆಯವನು. ಓಟದಲ್ಲಿ ಒಬ್ಬೊಬ್ಬನೂ ಎಷ್ಟನೆಯವನಾಗಿ ಬಂದನೋ ಅದನ್ನೆಲ್ಲ ಕೂಡಿಸಿ ಟೀಮಿನ ಸ್ಥಾನ ಹೇಳುತ್ತಿದ್ದರು. ನಾಲ್ಕನೆಯವನು ಬಂದು ಮುಟ್ಟದಿದ್ದರೆ ಮೊದಲ ಮೂವರು ಗಾಳಿಯಲ್ಲಿ ಹಾರಿ ಬಂದಿದ್ದರೂ ಲೆಕ್ಕಕ್ಕಿಲ್ಲ. ಹಾಗಾಗಿ ನಾನು ಅವರಿಗೆ ಬೇಕಾಗಿದ್ದೆ, ಆದರೆ ಅವರ ಜೊತೆಯವನಾಗಿರಲಿಲ್ಲ. ಬೆಳಿಗ್ಗೆ ಕೆರೆ ಏರಿಯ ಮೇಲೆ ಮೂವರೂ ಹರಟೆ ಹೊಡೆಯುತ್ತಾ ಮುಂದೆ ಓಡಿಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಇಬ್ಬನಿಯಲ್ಲಿ ಅವರ ಬೆನ್ನು ಮರೆಯಾಗುತ್ತಿತ್ತು, ನಗು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಹುಚ್ಚೆಳ್ಳು ಹೂ ಬಿಟ್ಟ ಹೊಲಗಳ ನಡುವೆ ನನ್ನ ಉಸಿರಿನ ಸದ್ದೊಂದೇ. ಅಲ್ಲಿ ನಾನು ಅಕ್ಕನಿಗೆ ಏನೇನು ಹೇಳಬೇಕೋ ಅದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಓಡುತ್ತಿದ್ದೆ. ಮುದ್ದೆ ಕಟ್ಟುವುದು ಕಲಿತೆ ಅಂತ. ಬೆಕ್ಕು ಮರಿ ಹಾಕಿದೆ ಅಂತ. ಅಪ್ಪ ಈಗ ಮಾತೇ ಆಡುವುದಿಲ್ಲ ಅಂತ.

ಸಂಜೆ ಇನ್ನೊಂದು ಸುತ್ತು ಒಬ್ಬನೇ ಓಡಿ ಬರುತ್ತಿದ್ದೆ. ಬಂದವನೇ ಬಿಂದಿಗೆಗೆ ಕೈ ಹಾಕಿದರೆ ಅಪ್ಪ ಮಣಿಕಟ್ಟು ಹಿಡಿದು ಎಳೆಯುತ್ತಿದ್ದ. ಓಡಿ ಬಂದ ಕುದುರೆಗೆ ಕೂಡಲೇ ನೀರು ಕೊಡುವುದಿಲ್ಲ, ಬೆವರು ಆರುವವರೆಗೆ ನಿಧಾನವಾಗಿ ನಡೆಸುತ್ತಾರೆ. ನನಗೂ ಅದೇ ಉಪಚಾರ. ಮನೆಯಿಂದ ಹುಣಸೆ ಮರದವರೆಗೆ ಹೋಗಿ ಬರಬೇಕು.

"ನಾನೇನ್ ಕುದುರೇನಾ ಅಪ್ಪ?"

"ಕುದುರೆ ಆಗಿದ್ರೆ ಇಷ್ಟೊಂದ್ ಮಾತಾಡ್ತಿರ್ಲಿಲ್ಲ, ನಡೀಲಾ."

ಅಷ್ಟೇ ಅವನ ಮಾತು. ಆಮೇಲೆ ನನ್ನ ಜೊತೆ ಅವನೂ ಮರದವರೆಗೆ ನಡೆದು ಬರುತ್ತಿದ್ದ.

ಓಟಕ್ಕೆ ಮುಂಚೆ ಅಪ್ಪ ತುಮಕೂರಿಗೆ ಹೊರಟಿದ್ದ ಯಾರದೋ ಕೈಲಿ ಗುಬ್ಬಿಗೆ ಸುದ್ದಿ ಹೇಳಿ ಕಳಿಸಿದ. ಅದು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಓಟದ ದಿನ ಕತ್ತಲಿದ್ದಾಗಲೇ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುಬ್ಬಿಗೆ ಬಂದೆವು. ಮೂವರೂ ಒಂದು ಸೀಟಿನಲ್ಲಿ ಕೂತು ಚಿತ್ರಾನ್ನ ಹಂಚಿಕೊಂಡರು. ನಾನು ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ, ಕಾಲಿನ ಮೇಲೆ ಕಾಲು ಉಜ್ಜುತ್ತಾ ಕೂತಿದ್ದೆ. ಬಸ್ಸಿಳಿದು ಮೈದಾನಕ್ಕೆ ಬಂದಾಗ, ಓಟ ಮುಗಿದ ಮೇಲೆ ಅಕ್ಕನ ಮನೆಗೆ ಹೋಗಿ ಬರಲೇ ಎಂದು ಮೇಷ್ಟ್ರನ್ನು ಕೇಳಿದೆ.

"ಆಗಲ್ಲ ಕಣೋ. ಓಟ ಮುಗೀತಿದ್ದಂಗೇ ಬಸ್ ಹಿಡೀಬೇಕು. ತಪ್ಪಿದ್ರೆ ತುಮಕೂರ್ ಬಸ್‌ಸ್ಟ್ಯಾಂಡಲ್ಲೇ ಮಲಗ್ಬೇಕಾಗ್ತದೆ."

ನನಗೆ ಅಳು ಬಂತು. ಯಾರಿಗೂ ಕಾಣದ ಹಾಗೆ ಚಡ್ಡಿ ಜೇಬಿಗೆ ಕೈ ಹಾಕಿಕೊಂಡು ಬೇರೆ ಕಡೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಓಟದ ದಾರಿ ಯಾವುದೆಂದು ಕೂಗಿ ಹೇಳಿದರು. ಮೈದಾನದಿಂದ ಪೇಟೆ ದಾಟಿ, ಕೆರೆ ಕಡೆಯ ರಸ್ತೆ ಹಿಡಿದು ಹೋಗಿ, ಅದೇ ದಾರಿಯಲ್ಲಿ ವಾಪಸ್. ಅಕ್ಕನ ಮನೆ ಇದ್ದದ್ದೇ ಆ ರಸ್ತೆಯಲ್ಲಿ, ಎಣ್ಣೆ ಗಾಣದ ಪಕ್ಕ! ಮದುವೆಯಾದ ಮೇಲೆ ಅವಳನ್ನು ಬಿಡಲು ಬಂದಾಗ ನೋಡಿದ್ದೆ.

ಸೀಟಿ ಊದಿದರು, ಓಡಿದೆವು. ಹಿಂಡಿಯ ವಾಸನೆ ಬಂದಾಗಲೇ ಗಾಣ ಹತ್ತಿರವಾಯಿತೆಂದು ಗೊತ್ತಾಯಿತು. ಮನೆ ಬಂತು. ಬಾಗಿಲು ಹಾಕಿತ್ತು. ಅಂಗಳದಲ್ಲಿ ಒಂದು ಕೋಳಿ ಬಿಟ್ಟರೆ ಯಾರೂ ಇಲ್ಲ. ಇಷ್ಟು ದಿನ ಓಡಿದ್ದೆಲ್ಲ ಈ ಕೋಳಿ ನೋಡುವುದಕ್ಕಾ ಅನ್ನಿಸಿತು. ಕೆರೆಯ ಹತ್ತಿರ ತಿರುಗುವ ಜಾಗದಲ್ಲಿ ಒಬ್ಬ ಮೇಷ್ಟ್ರು ಗುರುತಿಗೆಂದು ಕೈ ಮೇಲೆ ಶಾಯಿಯ ಮೊಹರು ಒತ್ತಿದರು. ತಿರುಗಿದೆ. ನಮ್ಮ ಮೂವರು ಎಷ್ಟೋ ಮುಂದೆ. ನನ್ನ ಬೆನ್ನಿಗೇ ತುಮಕೂರಿನ ಒಬ್ಬ ಹುಡುಗ, ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಮತ್ತೆ ಹಿಂಡಿಯ ವಾಸನೆ. ತಲೆ ಎತ್ತಿ ನೋಡುತ್ತೇನೆ, ರಸ್ತೆ ಮಧ್ಯದಲ್ಲಿ ಅಕ್ಕ! ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈ ಮುಷ್ಟಿ. ನಿಲ್ಲಬೇಕೆಂದು ಮೈಯೆಲ್ಲ ಹೇಳಿತು. ನಿಂತರೆ ಬೆನ್ನ ಹಿಂದಿನವನು ದಾಟಿ ಹೋಗುತ್ತಾನೆ, ಅವನ ಹಿಂದಿನವರೂ ದಾಟುತ್ತಾರೆ. ನಾನು ನಿಲ್ಲಲಿಲ್ಲ. ಅಕ್ಕ ಏನು ಮಾಡಿದಳು ಗೊತ್ತೇ? ನೆರಿಗೆ ಎತ್ತಿ ಹಿಡಿದು ನನ್ನ ಜೊತೆಗೇ ಓಡಲು ಶುರುಮಾಡಿದಳು.

"ಹೋಗ್ತಾ ನಾನ್ ಬಾಗ್ಲು ತೆಗ್ಯೋಷ್ಟ್ರಲ್ಲಿ ನೀನ್ ಹೊಂಟೋಗಿದ್ದೆ ಕಣೋ! ಬಾಯ್ ತೆಗಿ" ಎಂದು ಮುಷ್ಟಿಯಲ್ಲಿದ್ದ ಕೊಬ್ಬರಿ, ಬೆಲ್ಲ ಎಲ್ಲವನ್ನೂ ಒಟ್ಟಿಗೇ ನನ್ನ ಬಾಯಿಗೆ ತುರುಕಿದಳು. "ಏನ್ಲಾ ಹಿಂಗ್ ಸೊರಗೋಗಿದೀಯ! ಅಪ್ಪ ಹೆಂಗವ್ನೆ? ಅಡ್ಗೆ ಯಾರ್ ಮಾಡ್ತೀರಾ? ತಲೆಗೆ ಎಣ್ಣೆ ಹಾಕ್ಕೋತೀಯಾ?"

ಇಷ್ಟು ದಿನ ಕೂಡಿಟ್ಟುಕೊಂಡ ಮಾತೆಲ್ಲ ಗಂಟಲಿಗೆ ಬಂತು. ಬಾಯಿ ತುಂಬ ಕೊಬ್ಬರಿ ಬೆಲ್ಲ. ನುಂಗಲೂ ಆಗದು, ಉಗಿಯಲೂ ಮನಸ್ಸಿಲ್ಲ, ಮೂಗಿನಲ್ಲಿ ಉಸಿರಾಡುವುದೇ ಕಷ್ಟ. ಸುಮ್ಮನೆ ತಲೆ ಆಡಿಸಿದೆ. ಗಾಣದ ಗೋಡೆ ಮುಗಿಯುವವರೆಗೆ ಅಕ್ಕ ಓಡಿದಳು. ಆಮೇಲೆ ಅವಳ ಬಳೆಯ ಸದ್ದು ಹಿಂದೆ ಉಳಿಯಿತು. ತಿರುಗಿ ನೋಡಲಿಲ್ಲ, ನೋಡಿದ್ದರೆ ನಿಂತೇಬಿಡುತ್ತಿದ್ದೆ.

ತುಮಕೂರಿನವನಿಗಿಂತ ಮುಂಚೆಯೇ ಬಂದು ಮುಟ್ಟಿದೆ. ನಮ್ಮ ಟೀಮು ಮೂರನೆಯದಾಯಿತು. ಒಂದು ಪುಟ್ಟ ಕಪ್ಪು ಕೊಟ್ಟರು. ಮೂವರೂ ಅದನ್ನು ಸರದಿಯಲ್ಲಿ ಹಿಡಿದುಕೊಂಡರು, ನನ್ನ ಕೈಗೂ ಒಂದು ಸಲ ಬಂತು. ಅದು ಎಷ್ಟು ಹಗುರ ಇತ್ತೆಂದರೆ ನನಗೆ ಸಂತೋಷವೇ ಆಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅಪ್ಪ ಬಾಗಿಲಲ್ಲೇ ನಿಂತಿದ್ದ. ನನ್ನ ಬೆವರು ಬಸ್ಸಿನಲ್ಲೇ ಆರಿಹೋಗಿತ್ತು. ಆದರೂ ಮಣಿಕಟ್ಟು ಹಿಡಿದು ಹುಣಸೆ ಮರದ ಕಡೆ ನಡೆಸಿದ.

"ಹೆಂಗವ್ಳೆ?" ಎಂದ.

"ಚೆನ್ನಾಗ್ ಓಡ್ತಾಳಪ್ಪ."

"ನೀನ್ ಏನಂದೆ ಅವ್ಳಿಗೆ?"

"ಏನೂ ಅನ್ನಕ್ಕಾಗ್ಲಿಲ್ಲ. ಬಾಯ್ತುಂಬ ಕೊಬ್ಬರಿ ಇತ್ತು."

ಅಪ್ಪ ನಕ್ಕ. ಅಕ್ಕ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಗುತ್ತಲೇ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ಅವತ್ತು ಮರದಿಂದ ಮನೆಗೆ, ಮನೆಯಿಂದ ಮರಕ್ಕೆ ಬಹಳ ಹೊತ್ತು ನಡೆದೆವು.

ನಿಮಗೆ ಈಗ ಓಡುವುದಕ್ಕೆ ಬಣ್ಣಬಣ್ಣದ ಶೂ ಇವೆ. ನೀವು ಓಡಿದರೆ ನಿಮ್ಮಪ್ಪ ಅಮ್ಮ ಹಗ್ಗದಾಚೆ ನಿಂತು ಮೊಬೈಲಿನಲ್ಲಿ ಹಿಡಿಯುತ್ತಾರೆ. ಗುಬ್ಬಿ ಅಜ್ಜಿ ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಅದೇ ಮೊಬೈಲಿನಲ್ಲಿ ಬಂದು ಕೂರುತ್ತಾಳೆ, "ಏನ್ಲಾ, ಸೊರಗೋಗಿದೀಯ" ಎಂದು ನಿಮಗೂ ಅನ್ನುತ್ತಾಳೆ. ನೀವು ಅನ್ನ ತುಂಬಿಕೊಂಡ ಬಾಯಲ್ಲೇ ಅವಳಿಗೆ ಸ್ಕೂಲಿನ ಸುದ್ದಿಯೆಲ್ಲ ಹೇಳುತ್ತೀರಿ. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬೇಡಿ ಎಂದು ನಿಮ್ಮಮ್ಮ ಗದರುತ್ತಾಳೆ. ನಾನು ಯಾವತ್ತಾದರೂ ಗದರಿದ್ದೇನೆಯೇ, ನೀವೇ ಹೇಳಿ.